ತೊಗರಿ ಲೆಕ್ಕ ಯಾರಿಗಾಗಿ?

ಜನವರಿಯ ಒಂದು ಸಂಜೆ. ಐರೋಲಿಯ ಆಫೀಸು ಮುಗಿಸಿ ಠಾಣೆ ಲೋಕಲ್‌ನಲ್ಲಿ ನಿಂತಿದ್ದೆ. ಆಳಂದ ತಾಲ್ಲೂಕಿನ ನಮ್ಮೂರಿನಿಂದ ಅಪ್ಪನ ಫೋನು ಬಂತು. ತೊಗರಿ ರಾಶಿ ಮುಗಿದಿತ್ತು, ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಸರ್ಕಾರಿ ದರಪಟ್ಟಿಯೊಂದರ ಫೋಟೊ ಕಳಿಸಿದ್ದರು. ‘ಕಮ್ಮಿ ದರ ತಿಳೀತು, ಜಾಸ್ತಿ ದರ ತಿಳೀತು. ಈ ಮೋಡಲ್ ಅಂದ್ರ ಏನೋ ತಮ್ಮಾ? ನನ್ ಮಾಲಿಗೆ ಯಾವ್ದು ಸಿಗ್ತದ?’ ಹೆಚ್ಚು ಮಾಲು ಯಾವ ದರಕ್ಕೆ ಮಾರಾಟವಾಯಿತೋ ಅದೇ ಮೋಡಲ್ ಎಂದು ವಿವರಿಸಿದೆ. ಎರಡನೇ ಪ್ರಶ್ನೆಗೆ ಎಂಟೆಕ್ ಓದಿದ ನನ್ನ ಬಳಿಯೂ ಉತ್ತರ ಇರಲಿಲ್ಲ. ಯಾವ ಗುಣಮಟ್ಟಕ್ಕೆ ಯಾವ ದರ ಎಂಬುದು ಆ ಪಟ್ಟಿಯಲ್ಲೇ ಇರಲಿಲ್ಲ.

ನಾವು ಸಾಫ್ಟ್‌ವೇರ್‌ನವರು ಒಂದು ಪರದೆ ಬದಲಿಸುವ ಮೊದಲು ಅದನ್ನು ಬಳಸುವವರ ಮುಂದಿಟ್ಟು ನೋಡುತ್ತೇವೆ. ಅಂಕಿಅಂಶದ ವಿಷಯದಲ್ಲಿ ಕೇಂದ್ರ ಸರ್ಕಾರವೂ ಈಗ ಆ ದಾರಿ ಹಿಡಿದಿದೆ. ಜಿಡಿಪಿ, ಚಿಲ್ಲರೆ ಹಣದುಬ್ಬರ ಮತ್ತು ಕೈಗಾರಿಕಾ ಉತ್ಪಾದನೆ ಸೂಚ್ಯಂಕಗಳ ಮೂಲ ವರ್ಷ ಬದಲಿಸುವ ಮುನ್ನ ಸಾಂಖ್ಯಿಕ ಸಚಿವಾಲಯವು 2025ರ ನವೆಂಬರ್‌ನಲ್ಲಿ ಇದೇ ಮುಂಬೈಯಲ್ಲಿ ಸಮಾಲೋಚನಾ ಕಾರ್ಯಾಗಾರ ನಡೆಸಿತು. ಇದು ಒಳ್ಳೆಯ ಹೆಜ್ಜೆ. ಆದರೆ ಇಂಥ ಸಭೆಗಳಲ್ಲಿ ‘ಬಳಕೆದಾರರು’ ಎಂದರೆ ಹೆಚ್ಚಾಗಿ ಅರ್ಥಶಾಸ್ತ್ರಜ್ಞರು, ಬ್ಯಾಂಕಿನವರು, ಪ್ರಾಧ್ಯಾಪಕರು. ಬೆಳೆಯ ಲೆಕ್ಕಕ್ಕೆ ಅಷ್ಟು ಸಾಲದು. ಅಲ್ಲಿ ಬಳಕೆದಾರ ಎಂದರೆ ವಾಶಿ ಎಪಿಎಂಸಿಯ ದಾಣಾ ಬಜಾರಿನ ವ್ಯಾಪಾರಿ, ಕಲಬುರಗಿಯ ದಾಲ್ ಮಿಲ್ಲಿನ ಮಾಲೀಕ, ಎಲ್ಲರಿಗಿಂತ ಮೊದಲು ಬಿತ್ತುವವನು.

ಇದರಲ್ಲಿ ಪಣಕ್ಕಿರುವುದು ಏನೆಂದು ತೊಗರಿಯೇ ಹೇಳುತ್ತದೆ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಅದನ್ನು ಕಂಡು ಮುಂದಿನ ಮುಂಗಾರಿಗೆ ಎಲ್ಲರೂ ತೊಗರಿಯನ್ನೇ ಬಿತ್ತಿದರು. ಮಳೆಯೂ ಕೈಹಿಡಿಯಿತು. 2015-16ರಲ್ಲಿ ಸುಮಾರು 25 ಲಕ್ಷ ಟನ್ ಇದ್ದ ದೇಶದ ಉತ್ಪಾದನೆ 2016-17ರಲ್ಲಿ 48 ಲಕ್ಷ ಟನ್ ದಾಟಿತು. ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಕುಸಿಯಿತು. ಆಮದಿಗೆ ಮಿತಿ ಬಿದ್ದದ್ದು 2017ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನಮ್ಮ ಕಡೆಯ ಸಣ್ಣ ರೈತರು ಮಾಲು ಮಾರಿ ಆಗಿತ್ತು. ಒಳ್ಳೆಯ ಅಂಕಿಅಂಶವೊಂದೇ ಅವರನ್ನು ಉಳಿಸುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಬಿತ್ತನೆ ಪ್ರದೇಶ ಎಷ್ಟು ಏರಿದೆ ಎಂಬುದು ಅವರಿಗೆ ಅರ್ಥವಾಗುವ ಮಾತಿನಲ್ಲಿ, ಬಿತ್ತನೆಯ ದಿನಗಳಲ್ಲೇ ಕೈಗೆ ಸಿಕ್ಕಿದ್ದರೆ ಕೆಲವರಾದರೂ ಎರಡು ಎಕರೆಗೆ ಬೇರೆ ಬೆಳೆ ಹಾಕುತ್ತಿದ್ದರು.

ಹಾಗಂತ ಅಂಕಿಅಂಶಕ್ಕೆ ಬರ ಇಲ್ಲ. ಬಿತ್ತನೆ ಪ್ರದೇಶದ ಲೆಕ್ಕ ವಾರವಾರ ಬರುತ್ತದೆ, ಉತ್ಪಾದನೆಯ ಮುಂಗಡ ಅಂದಾಜುಗಳು ವರ್ಷಕ್ಕೆ ಹಲವು ಸಲ ಬರುತ್ತವೆ. ಅಗ್‌ಮಾರ್ಕ್‌ನೆಟ್ ಇದೆ, ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿ ಇದೆ. ಕೊರತೆ ಇರುವುದು ಪ್ರಕಟಿಸುವ ರೀತಿಯಲ್ಲಿ. ಅಂದಾಜು ಪರಿಷ್ಕರಣೆಯಾದಾಗ ಹಳೆಯ ಸಂಖ್ಯೆ ಏನಿತ್ತು, ಏಕೆ ಬದಲಾಯಿತು ಎಂಬುದು ಪಕ್ಕದಲ್ಲೇ ಇರಬೇಕು. ರಾಷ್ಟ್ರದ ಮೊತ್ತದ ಜೊತೆ ಜಿಲ್ಲೆಯ ಅಂಕಿಯೂ ಬೇಕು. ಪಿಡಿಎಫ್ ಒಂದೇ ಸಾಲದು, ಕಂಪ್ಯೂಟರ್ ನೇರವಾಗಿ ಓದಬಲ್ಲ ಕಡತವೂ ಬೇಕು. ಅದು ಸಿಕ್ಕರೆ ನನ್ನಂಥವನು ಒಂದು ಭಾನುವಾರ ಕೂತು ಊರಿಗೆ ಬೇಕಾದ ಕನ್ನಡ ಪಟ್ಟಿ ಮಾಡಿಕೊಡಬಹುದು.

ಕೇಳಿ ತಿದ್ದುವ ಪದ್ಧತಿ ನಮಗೆ ಹೊಸದೇನಲ್ಲ. ಕರ್ನಾಟಕದ ಬೆಳೆ ಸಮೀಕ್ಷೆಯಲ್ಲಿ ರೈತ ತಾನೇ ಮೊಬೈಲಿನಿಂದ ಹೊಲದ ಫೋಟೊ ಸೇರಿಸಬಹುದು. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ತನ್ನ ಸರ್ವೆ ನಂಬರಿನ ಮುಂದೆ ದಾಖಲಾದ ಬೆಳೆ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬಹುದು. ಒಂದು ಹೊಲದ ಮಾಹಿತಿಯ ಬಗ್ಗೆ ರೈತನ ಮಾತು ನಡೆಯುವುದಾದರೆ, ಎಲ್ಲ ಹೊಲಗಳ ಮೊತ್ತವನ್ನು ಹೇಗೆ ತೋರಿಸಬೇಕು ಎಂಬುದರಲ್ಲೂ ನಡೆಯಬೇಕು. ಅಮೆರಿಕದ ಕೃಷಿ ಸಾಂಖ್ಯಿಕ ಸಂಸ್ಥೆ ಬಳಕೆದಾರರ ಸಭೆ ಕರೆದು ಅವರ ಸಲಹೆ ಕೇಳುತ್ತದೆ. ನಮ್ಮಲ್ಲಿ 2014ರ ನೀತಿಯ ಪ್ರಕಾರ ಕಾನೂನಿನ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು. ಅಂಕಿಅಂಶದ ನಮೂನೆ ಬದಲಿಸುವಾಗಲೂ ಅಷ್ಟೇ ದಿನ ಕೊಡಲಿ. ಒಂದು ಸಭೆ ಮುಂಬೈಯ ಹೋಟೆಲಿನಲ್ಲಿ ನಡೆದರೆ ಇನ್ನೊಂದು ಕಲಬುರಗಿ ಎಪಿಎಂಸಿ ಆವರಣದಲ್ಲಿ, ಕನ್ನಡದಲ್ಲಿ ನಡೆಯಲಿ.

ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರು ದಿನವಿಡೀ ಡೇಟಾ ಜೊತೆಗೇ ಬದುಕುವವರು. ಸರ್ಕಾರ ಅಭಿಪ್ರಾಯ ಕೇಳಿದಾಗ ಬರೆದು ಕಳಿಸುವುದು ನಮಗೆ ಕಷ್ಟವಲ್ಲ. ಬರೆಯುವ ಮುಂಚೆ ಊರಿಗೊಂದು ಫೋನು ಮಾಡೋಣ. ನಾನು ಮಾಡಿದೆ. ‘ನಾಳಿನ ದರ ಯಾರೂ ಹೇಳೋದು ಬ್ಯಾಡ. ಇವತ್ತಿಂದು ತಿಳಿಯೋ ಹಂಗ ಬರೀರಿ, ಸಾಕು’ ಅಂದರು ಅಪ್ಪ. ನನ್ನ ಅಭಿಪ್ರಾಯ ಪತ್ರದ ಮೊದಲ ಸಾಲು ಅದೇ ಆಗಲಿದೆ.