ಆಟದ ಯುದ್ಧ ಕಲಿಸುವ ಪಾಠ

ಮಗ ಮೊಬೈಲು ಬಿಡುವುದಿಲ್ಲ, ಸದಾ ಗುಂಡು ಹಾರಿಸುವ ಆಟವೇ ಎಂಬ ದೂರು ಈಗ ಲೈನ್‌ಮನೆಗಳಲ್ಲೆಲ್ಲ ಕೇಳಿಬರುತ್ತಿದೆ. ಕಣ್ಣು ಕೆಡುತ್ತದೆ, ಪಾಠ ಹಿಂದೆ ಬೀಳುತ್ತದೆ ಎಂಬ ಚಿಂತೆ ಸಹಜವೇ. ಆದರೆ ಯುದ್ಧದ ಬಗ್ಗೆ ಆ ಆಟ ಹುಡುಗನಿಗೆ ಏನು ಹೇಳಿಕೊಡುತ್ತಿದೆ ಎಂಬುದನ್ನೂ ಹೆತ್ತವರಾದ ನಾವು ವಿಚಾರಿಸಬೇಕು.

2002ರ ಜುಲೈ 4ರಂದು ಅಮೆರಿಕದ ಸೇನೆಯೇ ಸರಕಾರದ ಹಣದಿಂದ ‘ಅಮೆರಿಕಾಸ್ ಆರ್ಮಿ’ ಎಂಬ ಆಟವನ್ನು ಮಾಡಿಸಿ ಪುಕ್ಕಟೆಯಾಗಿ ಹಂಚಿತು. ತರುಣರನ್ನು ಸೇನೆಯತ್ತ ಸೆಳೆಯುವುದೇ ಅದರ ಉದ್ದೇಶ. ಅದರಲ್ಲೊಂದು ಜಾಣತನವಿತ್ತು. ಎರಡು ತಂಡಗಳು ಕಾದಾಡುತ್ತವೆ. ಆದರೆ ಯಾರೇ ಆಡಲಿ, ಅವನ ಪರದೆಯಲ್ಲಿ ಅವನ ತಂಡವೇ ಅಮೆರಿಕದ ಸೈನಿಕರು, ಎದುರಿನವರೇ ಶತ್ರುಗಳು. ಶತ್ರುವಿನ ಜಾಗದಲ್ಲಿ ನಿಂತು ನೋಡುವ ಅವಕಾಶ ಯಾರಿಗೂ ಇಲ್ಲ! 2022ರಲ್ಲಿ ಆ ಆಟವನ್ನು ನಿಲ್ಲಿಸಿದರು. ಸೇನೆ ಸೇರುವುದನ್ನು ನಾವು ಹೀಗಳೆಯುತ್ತಿಲ್ಲ. ಅದು ಗೌರವದ ದುಡಿಮೆ. ಆದರೆ ಸೇರುವವನು ಯುದ್ಧ ಏನೆಂಬುದನ್ನು ತಿಳಿದು ಸೇರಲಿ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. 1991ರ ಫೆಬ್ರವರಿಯಲ್ಲಿ ಕುವೈತಿನಿಂದ ಹಿಂದಿರುಗುತ್ತಿದ್ದ ಇರಾಕಿನ ವಾಹನಗಳ ಸಾಲಿನ ಮೇಲೆ ಅಮೆರಿಕ ಮತ್ತು ಅದರ ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬು ಸುರಿಸಿದವು. ಆ ರಸ್ತೆಗೆ ‘ಸಾವಿನ ಹೆದ್ದಾರಿ’ ಎಂದೇ ಹೆಸರಾಯಿತು. 2019ರಲ್ಲಿ ಬಂದ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್’ ಆಟದಲ್ಲಿಯೂ ಅದೇ ಹೆಸರಿನ ರಸ್ತೆ ಇದೆ. ಬಾಂಬು ಹಾಕಿದವರು ಮಾತ್ರ ರಷ್ಯದವರು! ಆಟದ ದೇಶ ಕಟ್ಟುಕಥೆ, ನಿಜ. ಹೆಸರು ಕಟ್ಟುಕಥೆಯಲ್ಲವಲ್ಲ. ಆ ಹೆಸರನ್ನು ಮೊದಲ ಸಲ ಆಟದಲ್ಲೇ ಕೇಳಿದ ಹುಡುಗನಿಗೆ, ಕೊಂದವರು ಬದಲಾಗಿದ್ದಾರೆಂದು ಹೇಳುವವರು ಯಾರು?

ಇಂತಹ ಆಟಗಳಲ್ಲಿ ಊರುಗಳಿರುತ್ತವೆ, ಊರಿನ ಜನ ಕಾಣುವುದು ಅಪರೂಪ. ಅವರೆಲ್ಲ ಎಲ್ಲಿ ಹೋದರು ಎಂದು ಮಗನ ಪಕ್ಕ ಕುಳಿತು ಒಮ್ಮೆ ಕೇಳಿರಿ. ಮೊಬೈಲನ್ನು ಕಿತ್ತುಕೊಳ್ಳುವುದಕ್ಕಿಂತ ಅದು ಹೆಚ್ಚು ಪ್ರಯೋಜನ.

ಹಾಗೆ ಕೇಳಿದ ಆಟವೂ ಒಂದಿದೆ. ಪೋಲೆಂಡಿನವರು 2014ರಲ್ಲಿ ತಂದ ‘ದಿಸ್ ವಾರ್ ಆಫ್ ಮೈನ್’. 1992ರಿಂದ 1996ರವರೆಗೆ ಮುತ್ತಿಗೆಯಲ್ಲಿ ನರಳಿದ ಸರಯೇವೊ ನಗರವೇ ಅದಕ್ಕೆ ಪ್ರೇರಣೆ. ಅದನ್ನು ಶಾಲೆಗಳ ಓದಿನ ಪಟ್ಟಿಗೆ ಸೇರಿಸುವುದಾಗಿ 2020ರಲ್ಲಿ ಆ ದೇಶದ ಸರಕಾರ ಪ್ರಕಟಿಸಿತು. ಅದರಲ್ಲಿ ನಾವು ಸೈನಿಕರಲ್ಲ. ಮುರಿದ ಮನೆಯಲ್ಲಿ ಅಡಗಿರುವ ಸಾಮಾನ್ಯ ಜನ. ಅನ್ನವಿಲ್ಲ, ಔಷಧಿಯಿಲ್ಲ. ರಾತ್ರಿ ಒಬ್ಬನನ್ನು ಹೊರಗೆ ಕಳುಹಿಸಬೇಕು. ಮುದುಕ ಮುದುಕಿಯ ಮನೆಯಿಂದ ಕದ್ದು ತಂದರೆ ಎಲ್ಲರ ಹೊಟ್ಟೆಗೂ ಆಗುತ್ತದೆ. ತಂದವನು ಮಾತ್ರ ಕುಗ್ಗಿಹೋಗುತ್ತಾನೆ. ಮನಸ್ಸು ಪೂರಾ ಮುರಿದರೆ, ಆಡುವವರು ಎಷ್ಟು ಹೇಳಿದರೂ ಮಾತು ಕೇಳುವುದಿಲ್ಲ.