ನೀಟ್ ನೋಟ್ಸ್ ಬಿಡಿ, ಗೀಚಿ ನೋಡಿ (ಓದೋದ್ ಹೇಗೆ? ಭಾಗ 4)

ಪರೀಕ್ಷೆ ಹತ್ರ ಬಂದ್ರೆ ಸಾಕು, ಎಲ್ಲರ ಸ್ಟೋರೀಲೂ ಅದೇ ಫೋಟೋ. ನಾಲ್ಕು ಬಣ್ಣದ ಪೆನ್ನು, ಹೈಲೈಟರು, ಸ್ಕೇಲಿಟ್ಟು ಎಳೆದ ಬಾಕ್ಸು. ನೋಡೋಕೆ ಚೆಂದ, ಲೈಕೂ ಬರುತ್ತೆ. ಆದ್ರೆ ಪುಸ್ತಕ ನೋಡ್ಕೊಂಡು ಎರಡು ಗಂಟೆ ಬರೆದ್ರೂ ತಲೆಗೆ ಹೋಗೋದು ಕಮ್ಮಿ. ಪುಸ್ತಕ ಮುಚ್ಚಿ, ನೆನಪಿನಿಂದ ಗೀಚಿದ ಸೊಟ್ಟ ಚಿತ್ರ ಉಳಿಯುತ್ತೆ ಅನ್ನೋದು ನನ್ನ ವಾದ.

👉 ನಮ್ಮೂರಿನ ಪ್ರಶ್ನೇನೇ ತಗೊಳ್ಳಿ. ಕಬ್ಬಿಣದ ಕಾರ್ಖಾನೆ ಭದ್ರಾವತೀಲೇ ಯಾಕೆ ಬಂತು? ಗೈಡಲ್ಲಿ ಪಾಯಿಂಟ್ಸ್ ಸಾಲಾಗಿ ಇರುತ್ತೆ, ಬಾಯಿಪಾಠ ಮಾಡ್ತೀವಿ. ಎರಡನೇದು ಮರೆತ್ರೆ ಮೂರನೇದೂ ಹೋಯ್ತು.

ಅದರ ಬದಲು ಹಾಳೆ ಮಧ್ಯೆ ಒಂದು ಊದುಕುಲುಮೆ ಬರೀರಿ. ಒಳಗೆ ಹೋಗೋ ಬಾಣಗಳು: ಕೆಮ್ಮಣ್ಣುಗುಂಡಿ ಅದಿರು, ಮಲೆನಾಡ ಕಾಡಿನ ಇದ್ದಿಲು, ಭಂಡಿಗುಡ್ಡದ ಸುಣ್ಣಕಲ್ಲು. ಪಕ್ಕದಲ್ಲಿ ಭದ್ರಾ ನದಿ. ಹೊರಗೆ ಬರೋದು ಕಬ್ಬಿಣ ಮತ್ತು ಕಿಟ್ಟ. ಬರೀತಾ ಇದ್ದ ಹಾಗೆ ತಲೇಲಿ ಪ್ರಶ್ನೆ ಏಳುತ್ತೆ: ಇದ್ದಿಲು ಯಾಕೆ? ಯಾಕಂದ್ರೆ ಹತ್ರದಲ್ಲಿ ಕಲ್ಲಿದ್ದಲಿನ ಗಣಿ ಇರ್ಲಿಲ್ಲ, ಕಾಡಿತ್ತು. 1923ರಲ್ಲಿ ಕುಲುಮೆ ಉರಿದಿದ್ದೇ ಇದ್ದಿಲಿನಿಂದ. ಇಷ್ಟು ಗೊತ್ತಾದ್ರೆ ಪಾಯಿಂಟ್ಸನ್ನ ಯಾವ ಕ್ರಮದಲ್ಲಿ ಬೇಕಾದ್ರೂ ಬರೀಬಹುದು.

👉 ಇನ್ನೊಂದು, ಒಂದೇ ನಿಮಿಷದ್ದು. ಗಂಗಾಮೂಲ ಅಂತ ಚುಕ್ಕಿ ಇಡಿ, ಎರಡು ಗೆರೆ ಎಳೀರಿ. ತುಂಗೆ ಮೇಲೆ ಶೃಂಗೇರಿ, ತೀರ್ಥಹಳ್ಳಿ, ಗಾಜನೂರು, ಶಿವಮೊಗ್ಗ. ಭದ್ರೆ ಮೇಲೆ ಲಕ್ಕವಳ್ಳಿ ಡ್ಯಾಮು, ಭದ್ರಾವತಿ. ಎರಡನ್ನೂ ಕೂಡಲಿಯಲ್ಲಿ ಸೇರಿಸಿ. ಈಗ ಹೇಳಿ, ಗಾಜನೂರಲ್ಲಿ ಗೇಟ್ ತೆಗೆದ್ರೆ ನೀರು ಏರೋದು ಯಾವ ಊರಲ್ಲಿ? ಬಾಯಿಪಾಠದವ್ರು ಯೋಚಿಸ್ತಾ ಕೂರ್ತಾರೆ, ನೀವು ಗೆರೆ ನೋಡಿ ಹೇಳ್ತೀರಿ.

"ನಂಗೆ ಡ್ರಾಯಿಂಗ್ ಬರಲ್ಲ ಮಾರಾಯ" ಅನ್ಬೇಡಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಕೆಲವು ಪದಗಳನ್ನ ಮತ್ತೆ ಮತ್ತೆ ಬರೆಸಿದ್ರು, ಕೆಲವನ್ನ ಚಿತ್ರವಾಗಿ ಬಿಡಿಸೋಕೆ ಹೇಳಿದ್ರು. ಚಿತ್ರ ಬಿಡಿಸಿದ ಪದಗಳೇ ಹೆಚ್ಚು ನೆನಪಲ್ಲಿ ಉಳಿದ್ವು. ಒಂದೊಂದಕ್ಕೆ ನಾಲ್ಕೇ ಸೆಕೆಂಡ್ ಕೊಟ್ಟಾಗಲೂ ಅಷ್ಟೇ. ಚಿತ್ರ ಚೆನ್ನಾಗಿದ್ಯಾ ಇಲ್ವಾ ಅನ್ನೋದು ಲೆಕ್ಕಕ್ಕೇ ಬರ್ಲಿಲ್ಲ.

ಅದು ಬಿಡಿಬಿಡಿ ಪದಗಳ ಪ್ರಯೋಗ, ಇಡೀ ಪಾಠದ್ದಲ್ಲ. ಎಲ್ಲದಕ್ಕೂ ಚಿತ್ರ ಆಗಲ್ಲ ಅನ್ನೋದೂ ನಿಜ. ಪದ್ಯ, ಸಂಧಿ-ಸಮಾಸಕ್ಕೆ ಬೇರೆ ದಾರಿ ಬೇಕು. ಉತ್ತರ ಬರೆಯೋ ಅಭ್ಯಾಸವನ್ನೂ ಬಿಡೋ ಹಾಗಿಲ್ಲ. ಆದ್ರೆ ಎಲ್ಲಿ "ಯಾಕೆ, ಎಲ್ಲಿಂದ, ಆಮೇಲೆ ಏನು" ಅನ್ನೋ ಪ್ರಶ್ನೆ ಇದ್ಯೋ ಅಲ್ಲಿ ಬಾಣ ಕೆಲಸ ಮಾಡುತ್ತೆ.

ನಂಗೆ ಬೇಜಾರಾಗೋದು ಇಲ್ಲಿ: ಮಾರ್ಜಿನ್ನಲ್ಲಿ ಗೀಚೋ ಹುಡುಗ್ರಿಗೆ ಇನ್ನೂ ಬೈಗುಳ ಸಿಗುತ್ತೆ, ನೀಟಾಗಿ ಕಾಪಿ ಮಾಡಿದವ್ರಿಗೆ "ಗುಡ್". ಗೀಚೋರು ತಾವು ದಡ್ಡರು ಅಂತಾನೇ ನಂಬ್ಕೊಂಡು ಬಿಡ್ತಾರೆ. ಟೀಚರ್‌ಗಳೇ, ಯಾರಾದ್ರೂ ಓದ್ತಾ ಇದ್ರೆ, ಪೀರಿಯಡ್ ಮುಗಿಯೋ ಮುಂಚೆ ಐದು ನಿಮಿಷ ಪುಸ್ತಕ ಮುಚ್ಚಿಸಿ, ಗೀಚೋಕೆ ಬಿಡಿ ಪ್ಲೀಸ್.

ಫ್ರೆಂಡ್ಸ್, ಇವತ್ತಿನ ಒಂದು ಪಾಠ ಓದಿ. ಮುಚ್ಚಿ. ಬರೀರಿ. ತೆರೆದು, ಬಿಟ್ಟಿದ್ದನ್ನ ಕೆಂಪು ಪೆನ್ನಲ್ಲಿ ಸೇರಿಸಿ. ಆ ಹಾಳೆ ಫೋಟೋ ಹಾಕಿ ಟ್ಯಾಗ್ ಮಾಡಿ, ಕೆಂಪು ಜಾಸ್ತಿ ಇದ್ರೂ ಪರ್ವಾಗಿಲ್ಲ. ಏನು ಮರೀತು ಅಂತ ಪರೀಕ್ಷೆಗಿಂತ ಮುಂಚೇನೇ ಗೊತ್ತಾಯ್ತಲ್ಲ!

#ಓದೋದ್‌ಹೇಗೆ #ಶಿವಮೊಗ್ಗ #ಭದ್ರಾವತಿ #ಗೀಚಿನೋಡಿ