ಜಾಲರಿ ಎಲ್ಲಿ ಹೋಯ್ತು?

ಕಾಳಿ ನದಿ ದಂಡೆಯ ಕಿನ್ನರ ನನ್ನೂರು. ಕಾರವಾರದಲ್ಲಿ ಪದವಿ ಓದುವಾಗ ರಾಜ್ಯದ ಮೃಗಾಲಯವೊಂದರಲ್ಲಿ ಒಂದು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು. ಬ್ಯಾಗಿಗೆ ಬಟ್ಟೆಗಿಂತ ಮೊದಲು ಸೇರಿದ್ದು ಅಣ್ಣನನ್ನು ಕಾಡಿ ತಂದ ಕ್ಯಾಮೆರಾ!

ಮೊದಲ ವಾರವೇ ಸಿಂಗಳೀಕದ ಒಂದು ಒಳ್ಳೆಯ ಫೋಟೊ ಸಿಕ್ಕಿತು. ಪ್ರಾಣಿ ಜಾಲರಿಯಿಂದ ದೂರ ಕೂತಿದ್ದಾಗ ಜೂಮ್ ಪೂರ್ತಿ ಎಳೆದು, ಅಪರ್ಚರ್ ತೆರೆದು ಕ್ಲಿಕ್ಕಿಸಿದರೆ ಮುಂದಿನ ತಂತಿ ಮಸುಕಾಗಿ ಮಾಯವಾಗುತ್ತದೆ. ‘ನಮ್ಮ ಪಶ್ಚಿಮ ಘಟ್ಟದ ಹೆಮ್ಮೆ’ ಎಂದು ಬರೆದು ಇನ್‌ಸ್ಟಾಗ್ರಾಂಗೆ ಹಾಕಿದೆ. ಲೈಕುಗಳು ಸುರಿದವು. ಅಂಕೋಲೆಯ ಗೆಳತಿ, ‘ಎಲ್ಲಿ ಸಿಕ್ತೇ? ಶರಾವತಿ ಕಣಿವೆಗೆ ಹೋಗಿದ್ಯಾ?’ ಎಂದು ಕೇಳಿದಳು. ನಾನು ನಗುವ ಇಮೋಜಿ ಕಳಿಸಿ ಸುಮ್ಮನಾದೆ.

ಮರುದಿನ ಪ್ರಾಣಿಪಾಲಕರಿಗೆ ಅದೇ ಫೋಟೊ ತೋರಿಸಿದೆ. ನೋಡಿ ನಕ್ಕರು. ‘ಚೆನ್ನಾಗೈತೆ. ಆದ್ರೆ ಜಾಲರಿ ಎಲ್ಲಮ್ಮ ಹೋಯ್ತು?’ ಅಂದರು.

ಆ ಪ್ರಶ್ನೆ ಇನ್ನೂ ನನ್ನ ಬಿಟ್ಟಿಲ್ಲ. ನಾನು ಸುಳ್ಳು ಬರೆದಿರಲಿಲ್ಲ, ನಿಜ. ಆದರೆ ಜನ ಸುಳ್ಳು ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದೆ.

‘ಫೋಟೊ ನೋಡಿ ನಾಲ್ಕು ಜನಕ್ಕೆ ಪ್ರಾಣಿಯ ಮೇಲೆ ಪ್ರೀತಿ ಬಂದರೆ ಸಾಲದೇ?’ ಎಂದು ಕೆಲವರು ಕೇಳಬಹುದು. ಸಾಲದು. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಗದು. ನಮ್ಮ ಜಿಲ್ಲೆಯಲ್ಲೇ 2011ರಲ್ಲಿ ಅದಕ್ಕಾಗಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಣೆಯಾಗಿದೆ. ನಿತ್ಯಹರಿದ್ವರ್ಣ ಕಾಡಿನ ಎತ್ತರದ ಮರಗಳ ಮೇಲೆಯೇ ಬಹುತೇಕ ಬದುಕುವ ನಾಚಿಕೆಯ ಪ್ರಾಣಿ ಅದು. ಮುಖ ತುಂಬಿದ ಫೋಟೊ ನೋಡಿದವರು ಕಾಡಿನಲ್ಲೂ ಅಷ್ಟೇ ಹತ್ತಿರದಿಂದ ಬೇಕೆಂದು ಹೊರಡುತ್ತಾರೆ. ಬಿಸ್ಕತ್ತು, ಬಾಳೆಹಣ್ಣು ತೋರಿಸಿ ಕರೆಯುತ್ತಾರೆ. ತಿಂಡಿಯ ರುಚಿ ಹತ್ತಿದ ಕೋತಿ ಮರ ಬಿಟ್ಟು ರಸ್ತೆಗಿಳಿದರೆ, ವಾಹನದ ಚಕ್ರ ದೂರವಿರುವುದಿಲ್ಲ.

ಇನ್ನೊಂದು ನಷ್ಟವೂ ಇದೆ. ಜಾಲರಿ ಮರೆಮಾಚಿದರೆ ಅದರೊಳಗೆ ದುಡಿಯುವವರೂ ಮರೆಯಾಗುತ್ತಾರೆ. ಉಳಿದ ಮೂರು ವಾರ ನಾನು ಅವರನ್ನೇ ತೆಗೆದೆ: ಬೆಳಿಗ್ಗೆ ಹಣ್ಣು ತೂಗುವುದು, ಕೋತಿಗಳು ಕಾಡಿನಂತೆ ಹುಡುಕಿ ತಿನ್ನಲೆಂದು ಬಿದಿರಿನ ತುಂಡಿನೊಳಗೆ ಕಾಳು ಅಡಗಿಸುವುದು, ತಿನ್ನದೆ ಉಳಿಸಿದ್ದೆಷ್ಟು, ಸಗಣಿ ಹೇಗಿದೆ ಎಂದು ಪುಸ್ತಕದಲ್ಲಿ ಬರೆಯುವುದು. ಪ್ರಾಣಿಗೆ ಹುಷಾರಿಲ್ಲ ಎಂಬ ಸುಳಿವು ಮೊದಲು ಸಿಗುವುದು ಆ ಪುಸ್ತಕದಲ್ಲಿ. ಈ ಫೋಟೊಗಳಿಗೆ ಬಂದ ಲೈಕು ಬೆರಳೆಣಿಕೆಯಷ್ಟು. ಆದರೆ ಮೊನ್ನೆ ಒಂದು ಸಂದರ್ಶನದಲ್ಲಿ ಬಿದಿರಿನ ಫೋಟೊ ತೋರಿಸಿ, ‘ಇವರೇನು ಮಾಡುತ್ತಿದ್ದಾರೆ?’ ಎಂದು ಕೇಳಿದಾಗ ಹತ್ತು ನಿಮಿಷ ತಡವರಿಸದೆ ಮಾತನಾಡಿದೆ. ಕೆಲಸ ಸಿಗಲಿಲ್ಲ, ಬಿಡಿ. ಆದರೆ ಹೇಳಲು ನನ್ನದೇ ಆದ ವಿಷಯವೊಂದು ಇತ್ತು.

ಊರಿಗೆ ಬಂದ ಮೇಲೆ ಇದು ಇನ್ನಷ್ಟು ಮುಖ್ಯ ಅನ್ನಿಸುತ್ತಿದೆ. ನಮ್ಮ ಕಡಲ ತೀರಕ್ಕೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆ, ಮೀನುಗಾರರು ಸೇರಿ ಗೂಡು ಕಾಯುತ್ತಾರೆ. ಸುಮಾರು 45ರಿಂದ 60 ದಿನಕ್ಕೆ ಹೊರಬರುವ ಮರಿಗಳು ಬೆಳಕಿನ ಕಡೆಗೆ ನಡೆಯುತ್ತವೆ. ರಾತ್ರಿ ಸಮುದ್ರದ ಕಡೆಯ ಬಾನು ಹೊಳೆಯುವುದೇ ಅವಕ್ಕೆ ದಾರಿ. ಹತ್ತು ಮೊಬೈಲುಗಳ ಟಾರ್ಚು ಹೊತ್ತಿಕೊಂಡರೆ ದಾರಿ ತಪ್ಪುತ್ತದೆ. ಅಲ್ಲಿ ಜಾಲರಿಯೂ ಇಲ್ಲ, ‘ಹಿಂದೆ ಸರಿಯಮ್ಮ’ ಎನ್ನಲು ಪಾಲಕರೂ ಸದಾ ಇರುವುದಿಲ್ಲ. ನಾವೇ ಸರಿಯಬೇಕು.

ಇಂಟರ್ನ್‌ಶಿಪ್‌ಗೆ ಹೊರಟವರಿಗೆ ನನ್ನದು ಇಷ್ಟೇ ಮಾತು. ಕ್ಯಾಮೆರಾ ಒಯ್ಯಿರಿ, ಕೇಳಿ ತೆಗೆಯಿರಿ, ಫ್ಲ್ಯಾಶ್ ಆರಿಸಿ. ಗೂಡಿನ ಜಾಗ ಬರೆಯಬೇಡಿ. ಮೃಗಾಲಯದ್ದಾದರೆ ಮೃಗಾಲಯದ್ದೆಂದೇ ಬರೆಯಿರಿ.

ನಾನೂ ಆ ಹಳೆಯ ಪೋಸ್ಟ್ ತಿದ್ದಿದ್ದೇನೆ: ‘ಸಿಂಗಳೀಕ. ಮೃಗಾಲಯದಲ್ಲಿ ತೆಗೆದದ್ದು. ಮುಂದೆ ಜಾಲರಿ ಇತ್ತು.’